ಸತ್ತವನು ಎದ್ದು ಕುಳಿತ ಪುಟ

ರಗಳೆ ಶುರುವಾದದ್ದು ಒಂದು ಹೊಸ ಪುಸ್ತಕದಿಂದ. ಹಳೆಯ ಪುಸ್ತಕಗಳು ಯಾವತ್ತೂ ಗೋಂದಣ್ಣನಿಗೆ ತೊಂದರೆ ಕೊಟ್ಟವಲ್ಲ. ಬೆನ್ನು ಮುರಿದುಕೊಂಡು, ಕಿವಿ ಮಡಚಿಕೊಂಡು, ಯಾರದೋ ಟೀ ಲೋಟದ ಕಲೆ ಹೊತ್ತುಕೊಂಡು ಅವು ಬರುತ್ತಿದ್ದವು. ಇವನು ಹೊಲಿದು, ಅಂಟು ಹಚ್ಚಿ, ರಟ್ಟು ಹಾಕಿ ಮತ್ತೆ ಜನರ ಕೈಗೆ ಕಳಿಸುತ್ತಿದ್ದ. ಊರಿನ ಗ್ರಂಥಾಲಯಕ್ಕೆ ಬೈಂಡರ್ ಆಗಿ ಸೇರಿದಾಗ ಅವನ ತಲೆ ತುಂಬ ಕೂದಲಿತ್ತು, ಅಪ್ಪ ಅಮ್ಮ ಇಟ್ಟ ಹೆಸರೂ ಇತ್ತು. ಈಗ ಎರಡೂ ಉದುರಿಹೋಗಿ, ಎಲ್ಲರ ಬಾಯಲ್ಲೂ ಬರೀ ಗೋಂದಣ್ಣ ಆಗಿದ್ದ. ತಿಂಗಳ ಕೊನೆಗೆ ಅವನ ನಿವೃತ್ತಿ.

ಬೆಳಿಗ್ಗೆ ಗ್ರಂಥಾಲಯದ ಮೇಡಂ ಹಿಂಬದಿಯ ರಿಪೇರಿ ಕೋಣೆಗೆ ಬಂದು, ಎರಡು ಪುಸ್ತಕಗಳನ್ನು ಅವನ ಮೇಜಿನ ಮೇಲಿಟ್ಟರು. ಒಂದು ಊರಿಗೆಲ್ಲ ಗೊತ್ತಿದ್ದ ಮುದಿ ಪ್ರತಿ. ಇನ್ನೊಂದು ಅದರದೇ ಹೊಸ ಮುದ್ರಣ, ಇನ್ನೂ ಮಸಿಯ ವಾಸನೆ ಹೊಡೆಯುತ್ತಿತ್ತು.

"ಗೋಂದಣ್ಣ, ಸಂಜೆ ಕಾರ್ಯಕ್ರಮ ನೆನಪಿದೆ ತಾನೆ?"

"ನೆನಪಿಲ್ಲದೆ ಏನು ಮೇಡಂ? ಶರ್ಟು ಇಸ್ತ್ರಿ ಮಾಡಿಸಿ ಆಗಲೇ ಮೂರು ದಿನ ಆಯ್ತು."

"ಲೇಖಕಿಯಮ್ಮ ಬಂದು ನಮ್ಮ ಹಳೇ ಪ್ರತೀನೇ ನೋಡ್ಬೇಕಂತೆ. ಹೊಸದನ್ನ ನೋಡ್ಕೊಂಡು ಇದರ ಬೆನ್ನಿನ ಮೇಲೆ ಹೆಸರು ಚೆನ್ನಾಗಿ ಬರೆದುಬಿಡಿ. ಇಷ್ಟು ವರ್ಷ ಈ ಪುಸ್ತಕಾನ ಉಳಿಸಿಕೊಂಡು ಬಂದೋರು ನೀವು. ವೇದಿಕೆ ಮೇಲೆ ನಿಮಗೂ ಒಂದು ಕುರ್ಚಿ ಹಾಕಿಸಿದ್ದೀನಿ."

ವೇದಿಕೆ ಮೇಲೆ ಕುರ್ಚಿ! ಗೋಂದಣ್ಣ ಇಲ್ಲಿಯತನಕ ವೇದಿಕೆ ಹತ್ತಿದ್ದು ಕುರ್ಚಿ ಹಾಕೋದಕ್ಕೆ ಮಾತ್ರ. ಕೂರೋದಕ್ಕೆ ಅಂತ ಹತ್ತುವುದು ಇದೇ ಮೊದಲು, ಬಹುಶಃ ಇದೇ ಕೊನೆ. ಹೆಂಡತಿ ಮುಂದಿನ ಸಾಲಿನಲ್ಲಿ ಕೂತು ನೋಡುತ್ತಾಳೆ.

ಪುಸ್ತಕದ ಹೆಸರು 'ಏಳು ಗಾಳಿಗಳ ಕೋಟೆ'. ಆ ಕಾಲದಲ್ಲಿ ಈ ಊರಿನಲ್ಲಿ ಅದನ್ನು ಓದದವರು ಯಾರಿದ್ದರು? ಗ್ರಂಥಾಲಯದಲ್ಲಿ ಇದ್ದದ್ದು ಒಂದೇ ಪ್ರತಿ. ಹೆಸರು ಬರೆಸಿ ತಿಂಗಳುಗಟ್ಟಲೆ ಕಾಯಬೇಕಿತ್ತು. ಸಿಕ್ಕಿದ ಮನೆಯಲ್ಲಿ ಒಬ್ಬರು ಗಟ್ಟಿಯಾಗಿ ಓದುವುದು, ಉಳಿದವರು ಸುತ್ತ ಕೂರುವುದು, ಕರೆಂಟು ಹೋದರೆ ಮೇಣದ ಬತ್ತಿ ಹಚ್ಚುವುದು, ಬತ್ತಿಯೂ ಮುಗಿದರೆ ಕತ್ತಲಲ್ಲಿ ಕೂತು ಮುಂದೇನಾಯಿತು ಎಂದು ಜಗಳವಾಡುವುದು. ಕಿಟಕಿಯ ಆಚೆ ಪಕ್ಕದ ಮನೆಯವರು ನಿಂತು ಕೇಳಿಸಿಕೊಳ್ಳುತ್ತಿದ್ದರು. ಅಂಥ ದಿನಗಳು ಮತ್ತೆ ಬರಲಿಲ್ಲ.

ಅದರ ನಾಯಕ ಸಿಳ್ಳೆವೀರ. ಅವನು ಸಿಳ್ಳೆ ಹಾಕಿದರೆ ಗಾಳಿ ಬರುತ್ತಿತ್ತು. ಒಂದು ಸಿಳ್ಳೆಗೆ ಹಡಗು ಹೊರಡುತ್ತಿತ್ತು, ಇನ್ನೊಂದು ಸಿಳ್ಳೆಗೆ ಶತ್ರುವಿನ ಡೇರೆ ಹಾರಿಹೋಗುತ್ತಿತ್ತು. ಊರಿನ ಮಕ್ಕಳೆಲ್ಲ ಮಹಡಿ ಹತ್ತಿ ತುಟಿ ನೋಯುವವರೆಗೆ ಸಿಳ್ಳೆ ಹಾಕಿ, ಒಣಹಾಕಿದ ಬಟ್ಟೆ ಅಲ್ಲಾಡುತ್ತದೋ ಎಂದು ಕಾಯುತ್ತಿದ್ದರು. ಆದರೆ ಅಷ್ಟು ದೊಡ್ಡ ವೀರನಿಗೆ ಒಂದು ಕೆಟ್ಟ ಚಾಳಿ. "ಈಗ ಬಂದೆ" ಎಂದು ಹೇಳಿ ಹೋದರೆ ಆಸಾಮಿ ನಾಪತ್ತೆ. ರಾಜಕುಮಾರಿ ದೀಪ ಹಿಡಿದು ಕಾದಳು, ಸೇನಾಪತಿ ಸೆರೆಮನೆಯಲ್ಲಿ ಕಾದ, ಎತ್ತರದ ಮರದಲ್ಲಿ ಸಿಕ್ಕಿಕೊಂಡ ಕುಳ್ಳ ಮಂತ್ರವಾದಿ ಒಂದು ಇಡೀ ಅಧ್ಯಾಯ ಅಲ್ಲೇ ಕಾದ. ಆದರೂ ಅವನ ಮೇಲೆ ಯಾರಿಗೂ ಸಿಟ್ಟು ಬರುತ್ತಿರಲಿಲ್ಲ. ಅಂಥವನೊಬ್ಬ ಎಲ್ಲರ ಮನೆಯಲ್ಲೂ ಇರುತ್ತಾನಲ್ಲ.

ಕೊನೆಯಲ್ಲಿ ಕೋಟೆಯ ಬಾಗಿಲಲ್ಲಿ ಅವನಿಗೆ ಬಾಣ ತಗಲುತ್ತದೆ. "ಸಿಳ್ಳೆವೀರನ ಕಣ್ಣು ಮುಚ್ಚಿತು. ಏಳೂ ಗಾಳಿಗಳು ನಿಂತವು. ಆಮೇಲೆ ಅವನು" ಎಂದು ಪುಟ ಮುಗಿಯುತ್ತದೆ. ಓದುವವರ ಉಸಿರೂ ಅಲ್ಲೇ ನಿಲ್ಲುತ್ತಿತ್ತು. ಪುಟ ತಿರುಗಿಸಿದರೆ, "ಎದ್ದು ಕುಳಿತು, ಮೈಮುರಿದು, 'ಬಹಳ ಹಸಿವಾಗಿದೆ, ತಿನ್ನಲು ಏನಾದರೂ ಇದೆಯೇ?' ಎಂದು ಕೇಳಿದ."

ಆ ಸಾಲಿಗೆ ಇಡೀ ಮನೆಗಳು ಎದ್ದು ಕುಣಿದಿದ್ದವು. ಹಾಗೆ ಎದ್ದವನು ಒಬ್ಬ ಅಂಬಿಗನ ಜೊತೆ ಹೊಟ್ಟೆ ತುಂಬ ಉಂಡು, ಹಾಡು ಹೇಳಿ, ಸುಳ್ಳು ಹೇಳಿ, ಯಥಾಪ್ರಕಾರ "ಈಗ ಬಂದೆ" ಎಂದು ಹೊರಟುಬಿಡುತ್ತಾನೆ. ಅದರ ಮುಂದಿನ ಪುಟದ ತಲೆಯಲ್ಲಿ ಅರ್ಥವಾಗದ ಒಂಟಿ ಪದವೊಂದಿತ್ತು, ಅಚ್ಚಿನ ತಪ್ಪೆಂದು ಎಲ್ಲರೂ ಅದನ್ನು ಹಾರಿಸಿ ಓದುತ್ತಿದ್ದರು. ಆಮೇಲೆ ಗೆಳೆಯರೆಲ್ಲ ಮಂಡಿಯೂರಿ ಅಳುತ್ತಾರೆ. ಹೇಳದೆ ಕೇಳದೆ ಮತ್ತೆ ಹೋದನಲ್ಲ ಎಂದು ಅಳುತ್ತಾರೆ ಎಂಬುದು ಊರಿನವರ ತೀರ್ಮಾನ.

ಗೋಂದಣ್ಣ ಹೊಸ ಪುಸ್ತಕವನ್ನು ಕೈಗೆತ್ತಿಕೊಂಡ. ಬೆನ್ನು ನೋಡಿ ಸುಮ್ಮನಿಡಬಹುದಿತ್ತು. ಹಳೆಯ ಗೆಳೆಯನನ್ನು ಹೊಸ ಬಟ್ಟೆಯಲ್ಲಿ ನೋಡೋಣ ಎಂಬ ಆಸೆಯಿಂದ ಆ ಪುಟ ತೆಗೆದ. "ಏಳೂ ಗಾಳಿಗಳು ನಿಂತವು. ಆಮೇಲೆ ಅವನು" ಎಂದಿತ್ತು. ತಿರುಗಿಸಿದ.

"ಏಳಲಿಲ್ಲ."

ಗೋಂದಣ್ಣ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಆಗಲೂ ಅವನು ಏಳಲಿಲ್ಲ. ಗೆಳೆಯರೆಲ್ಲ ಮಂಡಿಯೂರಿ ಅತ್ತರು.

"ಥೂ, ಈಗಿನ ಪ್ರೆಸ್ಸಿನೋರಿಗೆ ಹಾಳೆ ಜೋಡಿಸೋಕೂ ಬರಲ್ಲ," ಎಂದು ಅವನು ಮೊದಲು ಬೈದದ್ದು ಹೊಸ ಪುಸ್ತಕವನ್ನು. ಆದರೆ ಪುಟಸಂಖ್ಯೆಗಳು ಒಂದರ ಹಿಂದೊಂದು ಸಾಲಾಗಿ, ಶಿಸ್ತಾಗಿ ನಿಂತಿದ್ದವು. ಅಂಬಿಗನ ಊಟದ ಪ್ರಸಂಗ ಹುಡುಕಿದ. ಅದು ಎಷ್ಟೋ ಹಿಂದೆ, ಯುದ್ಧಕ್ಕಿಂತ ಮೊದಲೇ ಇತ್ತು. ಅಲ್ಲಿ ಸಿಳ್ಳೆವೀರ ಎದ್ದದ್ದು ಸಾವಿನಿಂದಲ್ಲ, ದೋಣಿಯೊಳಗೆ ಹೊಡೆದ ಗೊರಕೆ ನಿದ್ದೆಯಿಂದ.

ಹಳೆಯ ಪ್ರತಿಯಲ್ಲಿ ಪುಟಸಂಖ್ಯೆ ನೋಡಲು ಹೋದ. ಸಂಖ್ಯೆಗಳೇ ಇರಲಿಲ್ಲ. ಕೆಳಗಿನ ಅಂಚು ಪೂರ್ತಿ ಕತ್ತರಿಸಿಹೋಗಿತ್ತು. ಕತ್ತರಿಸಿದವನು ಯಾರು ಎಂಬುದೂ ಆಗ ನೆನಪಾಯಿತು.

ಕೆಲಸಕ್ಕೆ ಸೇರಿದ ಹೊಸತು. ಗ್ರಂಥಾಲಯಕ್ಕೆ ಬರುವ ದಾರಿಯಲ್ಲೇ, ಯಾರೂ ಓದುವ ಮೊದಲೇ, ನುಗ್ಗಾಗಿ ಹೊಲಿಗೆ ಬಿಟ್ಟು ಬಂದಿದ್ದ ಈ ಪುಸ್ತಕ ಅವನು ಒಬ್ಬನೇ ಮಾಡಿದ ಮೊದಲ ಕೆಲಸ. ಅವನ ಗುರು, ಹಳೇ ಮೇಸ್ತ್ರಿ, ಆವತ್ತು ರಜೆ. ಪುಸ್ತಕ ಎಂದರೆ ಹದಿನಾರು ಹದಿನಾರು ಪುಟಗಳ ಮಡಿಕೆಗಳು. ಕಸುಬಿನವರು ಒಂದೊಂದಕ್ಕೂ ಫಾರಂ ಎನ್ನುತ್ತಾರೆ. ಫಾರಂಗಳನ್ನು ಸಾಲಾಗಿ ಜೋಡಿಸಿ ಹೊಲಿಯಬೇಕು. ಆದರೆ ಇವನಿಗೆ ಓದುವ ಚಟ. ಅಂಬಿಗನ ಪ್ರಸಂಗದ ಫಾರಂ ಒಂದನ್ನು ಪಕ್ಕಕ್ಕೆ ಎತ್ತಿಟ್ಟುಕೊಂಡು ಟೀ ಕುಡಿಯುತ್ತಾ ಓದಿದ, ಒಬ್ಬನೇ ನಕ್ಕ, ಟೀ ಮುಗಿದ ಮೇಲೆ ಅದನ್ನು ಎಲ್ಲಿ ಸೇರಿಸಿದನೋ ದೇವರೇ ಬಲ್ಲ. ಆಮೇಲೆ ಮುದುರಿದ ಮೂಲೆಗಳು ಕಾಣದಿರಲಿ ಎಂದು ಕಟಿಂಗ್ ಮಷೀನಿಗೆ ಕೊಟ್ಟು ಅಂಚು ಕತ್ತರಿಸಿದ, ಸಂಖ್ಯೆ ಸಮೇತ. ವಾರದ ನಂತರ ಪೂರ್ತಿ ಓದುವ ಸರದಿ ಬಂದಾಗ, ಸತ್ತವನು ಎದ್ದು ಕೂತದ್ದನ್ನು ನೋಡಿ ಎಲ್ಲರಿಗಿಂತ ಗಟ್ಟಿಯಾಗಿ ಕುಣಿದವನೂ ಅವನೇ.

ಇನ್ನೇನು ಮಾಡುವುದು? ಸಂಜೆ ಬರುವವಳು ಪುಸ್ತಕ ಬರೆದವಳು. ಊರಿನ ಹಲ್ಲಿನ ಡಾಕ್ಟರು ವೇದಿಕೆಯಲ್ಲಿ ಇದೇ ಭಾಗ ಓದುವವರಿದ್ದಾರೆ. ಓದಿದ ಮೇಲೆ ಲೇಖಕಿ ಅದೇ ಪುಟಕ್ಕೆ ಸಹಿ ಹಾಕಬೇಕೆಂಬುದು ಮೇಡಂ ಯೋಜನೆ. "ಯಾವ ಕತ್ತೆ ನನ್ನ ಪುಸ್ತಕ ಹೊಲಿದದ್ದು?" ಎಂದು ಆಕೆ ಕೇಳಿದರೆ, ಕತ್ತೆ ಪಕ್ಕದ ಕುರ್ಚಿಯಲ್ಲೇ ಇಸ್ತ್ರಿ ಶರ್ಟು ಹಾಕಿಕೊಂಡು ಕೂತಿರುತ್ತದೆ.

ಕೋಣೆಯ ಬಾಗಿಲು ಹಾಕಿ ಗೋಂದಣ್ಣ ಬ್ಲೇಡು ತೆಗೆದುಕೊಂಡ. ಈಗಲೇ ಬಿಚ್ಚಿ, ಫಾರಂ ಅದರ ಜಾಗದಲ್ಲಿಟ್ಟು ಹೊಲಿದುಬಿಟ್ಟರೆ ಸಾಕ್ಷಿಯೇ ಇರುವುದಿಲ್ಲ. ಡಾಕ್ಟರು ಏನೇ ಹೇಳಿದರೂ ಚಿಕ್ಕಂದಿನ ನೆನಪು ಕಲಸಿಹೋಗಿದೆ ಎಂದರಾಯಿತು. ಇಡೀ ಊರಿನ ನೆನಪು ಒಟ್ಟಿಗೆ ಕಲಸಿಹೋಗುತ್ತದೆಯೇ ಎಂಬ ಪ್ರಶ್ನೆ ಅವನಿಗೆ ಹೊಳೆಯಲಿಲ್ಲ.

ಹಳೆಯ ದಾರಗಳು ಟಿಕ್ ಟಿಕ್ ಎಂದು ತುಂಡಾಗುತ್ತಿದ್ದಾಗ ಕಿಟಕಿಯಲ್ಲಿ ಒಂದು ಮೂಗು ಕಾಣಿಸಿತು. ಹಿಂದೆಯೇ ಪೇಪರ್ ತಾತ. ದಿನವೂ ಗ್ರಂಥಾಲಯ ತೆರೆಯುವ ಮೊದಲೇ ಬಂದು, ಎಲ್ಲ ಪತ್ರಿಕೆಗಳನ್ನೂ ಮಡಿಲಲ್ಲಿಟ್ಟುಕೊಂಡು, ಓದಿದ್ದನ್ನು ಬೇಡವೆಂದರೂ ಎಲ್ಲರಿಗೂ ಹೇಳುವ ಮುದುಕ.

"ಏನೋ ಅದು, ಪುಸ್ತಕದ ಹೊಟ್ಟೆ ಕೊಯ್ತಾ ಇದ್ದೀಯ?"

"ದಾರ ಸಡಿಲ ಆಗಿತ್ತು ತಾತ, ಬಿಗಿ ಮಾಡ್ತಿದ್ದೀನಿ."

"ಬಿಗಿ ಮಾಡೋಕೆ ಯಾರಾದ್ರೂ ಕತ್ತರಿಸ್ತಾರಾ?"

"ನಿಮ್ಮ ಪೇಪರು ಯಾರೋ ಎತ್ಕೊಂಡು ಹೋಗ್ತಿದ್ದಾರೆ ನೋಡಿ ತಾತ."

ಮೂಗು ಮಾಯವಾಯಿತು. ಗೋಂದಣ್ಣ ಅಂಬಿಗನ ಫಾರಂ ಹೊರಗೆ ತೆಗೆದು, ಯುದ್ಧಕ್ಕಿಂತ ಮೊದಲು ಅದು ಇರಬೇಕಾದ ಕಡೆ ಇಟ್ಟು, ಹೊಲಿಯತೊಡಗಿದ. ಕೊನೆಯ ಗಂಟು ಹಾಕಿ ಬೆನ್ನಿಗೆ ಅಂಟು ಬಳಿಯುವಷ್ಟರಲ್ಲಿ ಹೆಂಡತಿ ಊಟದ ಡಬ್ಬಿ ಹಿಡಿದು ಬಂದಳು.

"ಅಯ್ಯೋ, ನಮ್ಮ ಪುಸ್ತಕ!" ಎಂದಳು. ಗ್ರಂಥಾಲಯದ ಅಷ್ಟು ಪುಸ್ತಕಗಳಲ್ಲಿ ಅವಳು ನಮ್ಮದು ಎನ್ನುತ್ತಿದ್ದುದು ಇದೊಂದನ್ನೇ. "ರೀ, ನೆನಪಿದೆಯಾ? ನಮ್ಮಪ್ಪ ಹೋದಾಗ."

ನೆನಪಿಲ್ಲದೆ ಏನು? ಮದುವೆಯಾದ ವರ್ಷವೇ ಅವಳ ಅಪ್ಪ ತೀರಿಕೊಂಡಿದ್ದರು. ಅವಳು ಅಳಲಿಲ್ಲ, ಮಾತಾಡಲಿಲ್ಲ, ಒಂದು ತುತ್ತು ಬಾಯಿಗಿಡಲಿಲ್ಲ. ಏನೂ ತೋಚದೆ ಇವನು ಪುಸ್ತಕವನ್ನು ಮನೆಗೆ ತಂದು ಓದತೊಡಗಿದ್ದ. ಸಿಳ್ಳೆವೀರ ಎದ್ದು ಕೂತು ಹಸಿವು ಎಂದಾಗ ಅವಳು ಮೊದಲು ನಕ್ಕಳು, ಆಮೇಲೆ ಅತ್ತಳು, ಆಮೇಲೆ "ನನಗೂ ಹಸಿವಾಗ್ತಿದೆ" ಎಂದಳು.

"ಸಂಜೆ ಡಾಕ್ಟರು ಆ ಪುಟ ಓದ್ತಾರಂತೆ. ನಾನು ಮುಂದಿನ ಸಾಲಲ್ಲೇ ಕೂರ್ತೀನಪ್ಪ."

"ಹಿಂದೆ ಕೂತ್ರೂ ಕೇಳಿಸುತ್ತೆ ಕಣೇ."

"ಯಾಕ್ರೀ ಮುಖ ಹಿಂಗಿದೆ? ವೇದಿಕೆ ಹತ್ತೋಕೆ ಹೆದರಿಕೆನಾ?"

ಅವನು ಹೌದೆಂದ. ಬ್ಲೇಡು ಹಿಡಿದ ಮೇಲೆ ಅವನು ಆಡಿದ ಮೊದಲ ನಿಜ ಅದು. ಅವಳು ಹೋದ ಮೇಲೆ ಡಬ್ಬಿ ತೆರೆದು ನೋಡಿ ಮತ್ತೆ ಮುಚ್ಚಿದ. ತಾನು ಮಾಡುತ್ತಿರುವುದು ಸರಿಯಾದ ಕೆಲಸವೇ ಆದರೂ, ಗೋಣು ಮುರಿದು ಯಾರನ್ನೋ ಚೀಲಕ್ಕೆ ತುಂಬಿದ ಹಾಗೆ ಅನ್ನಿಸುತ್ತಿತ್ತು.

ಆದರೆ ಅಂಟಿಗೆ ಇವನ ಸಂಕಟ ತಿಳಿಯುವುದೇ? ಅದು ಒಣಗಲೊಲ್ಲದು. ಪುಸ್ತಕವನ್ನು ಕಬ್ಬಿಣದ ಪ್ರೆಸ್ಸಿಗೆ ಕೊಟ್ಟು ಒಂದು ದಿನ ಬಿಡಬೇಕು. ಈ ದಿನವೇ ಪ್ರೆಸ್ಸಿನ ತಿರುಪು ಜಾಮ್ ಆಗಿ ಕೂತಿತ್ತು. ಗೋಂದಣ್ಣ ಆಚೀಚೆ ನೋಡಿ, ಪುಸ್ತಕವನ್ನು ಎರಡು ರಟ್ಟಿನ ನಡುವೆ ಇಟ್ಟು, ರಟ್ಟನ್ನು ಕುರ್ಚಿಯ ಮೇಲಿಟ್ಟು, ಅದರ ಮೇಲೆ ತಾನೇ ಕೂತ. ಕಾವಿಗೆ ಕೂತ ಕೋಳಿಯ ಹಾಗೆ ಅಲುಗಾಡದೆ ಕೂತ.

ಬಾಗಿಲು ತಳ್ಳಿಕೊಂಡು ಹಲ್ಲಿನ ಡಾಕ್ಟರು ಬಂದರು. ಎತ್ತರದ ಆಳು, ದೊಡ್ಡ ಕಂಠ. ಬಾಯಿ ತೆರೆದು ಕೂತವರಿಗೆ ಪ್ರಶ್ನೆ ಕೇಳಿ ಕೇಳಿ, ಉತ್ತರಕ್ಕೆ ಕಾಯುವ ಅಭ್ಯಾಸವೇ ತಪ್ಪಿಹೋಗಿತ್ತು.

"ಗೋಂದಣ್ಣ, ಪುಸ್ತಕ ಕೊಡಿ, ಒಂದ್ಸಲ ಓದಿ ನೋಡ್ಕೋತೀನಿ. ಎಲ್ಲಿದೆ?"

"ಅದು... ಒಣಗೋಕೆ ಇಟ್ಟಿದ್ದೀನಿ ಡಾಕ್ಟ್ರೇ."

"ಎಲ್ಲಿ?"

"ಬೆಚ್ಚಗಿರೋ ಕಡೆ." ಗೋಂದಣ್ಣ ಗಂಟಲು ಸರಿಮಾಡಿಕೊಂಡ. "ಡಾಕ್ಟ್ರೇ, ಆ ಭಾಗ ಯಾಕೆ? ಹಡಗಿನ ಪ್ರಸಂಗ ಓದಿ. ಇಲ್ಲಾಂದ್ರೆ ಕುಳ್ಳ ಮಂತ್ರವಾದಿ ಮರದಲ್ಲಿ ಸಿಕ್ಕಿಕೊಳ್ಳೋದು. ಜನ ನಗ್ತಾರೆ."

ಡಾಕ್ಟರು ಅವನನ್ನು ಹುಳುಕು ಹಲ್ಲು ನೋಡುವ ಹಾಗೆ ನೋಡಿದರು. "ಏನ್ ಮಾತಾಡ್ತೀರಿ? ನಾನು ಓದಿನಲ್ಲಿ ಎರಡು ಸಲ ಫೇಲ್ ಆದವನು. ಮನೆ ಬಿಟ್ಟು ಹೋಗೋಣ ಅಂತ ಚೀಲ ತುಂಬ್ಕೊಂಡು ಕೂತಾಗ ಆ ಪುಟ ಓದಿದೆ. ಬಾಣ ತಿಂದವನೇ ಎದ್ದು ಊಟ ಕೇಳ್ತಾನೆ, ನಂದೇನು ಮಹಾ ಅಂತ ಚೀಲ ಖಾಲಿ ಮಾಡಿದೆ. ಪುಸ್ತಕ ಇಲ್ದಿದ್ರೂ ಪರವಾಗಿಲ್ಲ, ನಂಗೆ ಬಾಯಿಪಾಠ!" ಎಂದು ಅಲ್ಲೇ ಕೈ ಬೀಸಿ ಶುರುಮಾಡಿದರು. "ಸಿಳ್ಳೆವೀರನ ಕಣ್ಣು ಮುಚ್ಚಿತು..."

ದನಿ ಕೇಳಿ ಮೇಡಂ ಒಳಗೆ ಬಂದರು. ಡಾಕ್ಟರು ನಿಂತಿದ್ದಾರೆ, ಮೇಡಂ ನಿಂತಿದ್ದಾರೆ, ಗೋಂದಣ್ಣ ಮಾತ್ರ ಮಹಾರಾಜನ ಹಾಗೆ ಕೂತಿದ್ದಾನೆ.

"ಏನ್ ಗೋಂದಣ್ಣ, ವೇದಿಕೆ ಕುರ್ಚಿಗೆ ಈಗಲೇ ಅಭ್ಯಾಸಾನಾ?"

"ಕಾಲು ಜೋಮು ಹಿಡಿದಿದೆ ಮೇಡಂ."

"ಲೇಖಕಿಯಮ್ಮನ ಕಾರು ಬಂತು. ಪುಸ್ತಕ ಎಲ್ಲಿ? ಏಳಿ, ಏಳಿ!"

ಏಳುವುದು ಅಷ್ಟು ಸುಲಭವಿರಲಿಲ್ಲ. ರಟ್ಟಿನ ಅಂಚಿನಿಂದ ಹೊರಬಂದ ಅಂಟು ಸದ್ದಿಲ್ಲದೆ ತನ್ನ ಕೆಲಸ ಮಾಡಿತ್ತು. ಗೋಂದಣ್ಣ ಎದ್ದ, ಜೊತೆಗೆ ಮೇಲಿನ ರಟ್ಟೂ ಎದ್ದಿತು. ಡಾಕ್ಟರು ಹಲ್ಲು ಕೀಳುವ ಕಸುಬಿನ ನೈಪುಣ್ಯ ತೋರಿಸಿ ಒಂದೇ ಎಳೆತಕ್ಕೆ ರಟ್ಟನ್ನು ಬಿಡಿಸಿದರು. ಪ್ಯಾಂಟಿನ ಒಂದು ಚೂರೂ ಅದರ ಜೊತೆ ಹೋಯಿತು. ಮೇಡಂ ಗೋಡೆ ಕಡೆ ತಿರುಗಿ, ಪುಸ್ತಕ ತೆಗೆದುಕೊಂಡು ಹೊರಟರು. ಇಸ್ತ್ರಿ ಶರ್ಟಿನ ತುದಿಯನ್ನು ಆದಷ್ಟು ಕೆಳಗೆ ಎಳೆದುಕೊಳ್ಳುತ್ತಾ ಗೋಂದಣ್ಣ ಹಿಂಬಾಲಿಸಿದ.

ಓದುವ ಕೋಣೆ ತುಂಬಿಹೋಗಿತ್ತು. ಒಂದು ಕಾಲದಲ್ಲಿ ಮಹಡಿ ಹತ್ತಿ ಸಿಳ್ಳೆ ಹಾಕಿದ ಮಕ್ಕಳೆಲ್ಲ ಈಗ ಬಕ್ಕತಲೆ, ಬಿಳಿಕೂದಲು, ಮೊಣಕಾಲು ನೋವು ಹೊತ್ತುಕೊಂಡು ಬಂದು ಕೂತಿದ್ದರು. ಗೋಡೆಯ ಮೇಲೆ ಹಳೇ ಮೇಸ್ತ್ರಿಯ ಫೋಟೋ ಯಾರನ್ನೂ ನಂಬದ ಮುಖ ಮಾಡಿಕೊಂಡು ನೋಡುತ್ತಿತ್ತು. ವೇದಿಕೆಯ ನಡುವೆ ಲೇಖಕಿ. ಪುಟ್ಟ ಆಕಾರದ ಮುದುಕಿ, ಕಣ್ಣು ಮಾತ್ರ ಚುರುಕು. ಕೊನೆಯ ಕುರ್ಚಿಯಲ್ಲಿ ಗೋಂದಣ್ಣ, ಬೆನ್ನನ್ನು ಗೋಡೆಗೆ ಒತ್ತಿ.

ಡಾಕ್ಟರು ಎದ್ದು ನಿಂತು, ಪುಸ್ತಕ ಮುಟ್ಟದೆಯೇ ಹೇಳತೊಡಗಿದರು. ಕೋಟೆಯ ಬಾಗಿಲು, ಬಾಣ, ಮುಚ್ಚಿದ ಕಣ್ಣು, ನಿಂತ ಗಾಳಿ. "ಆಮೇಲೆ ಅವನು" ಎಂದು ನಿಲ್ಲಿಸಿದರು. ನಿಲ್ಲಿಸಿದ್ದೇ ತಡ, ಇಡೀ ಕೋಣೆ ಒಂದೇ ದನಿಯಲ್ಲಿ, "ಎದ್ದು ಕುಳಿತು, ಮೈಮುರಿದು, ಬಹಳ ಹಸಿವಾಗಿದೆ, ತಿನ್ನಲು ಏನಾದರೂ ಇದೆಯೇ ಎಂದು ಕೇಳಿದ!" ಎಂದಿತು. ಮುಂದಿನ ಸಾಲಿನಲ್ಲಿ ಗೋಂದಣ್ಣನ ಹೆಂಡತಿಯ ದನಿ ಎಲ್ಲರಿಗಿಂತ ಮೇಲೆ ಕೇಳಿಸಿತು. ಯಾರೋ ಸಿಳ್ಳೆ ಹಾಕಿದರು. ಎಷ್ಟೋ ಜನ ಕಣ್ಣೊರೆಸಿಕೊಂಡರು.

ಲೇಖಕಿ ಎದ್ದು ನಿಂತಳು. ಮುಗಿಯಿತು ಕತೆ, ಎಂದುಕೊಂಡ ಗೋಂದಣ್ಣ.

"ನಾನು ಅದನ್ನ ಬರೆದಿಲ್ಲ," ಎಂದಳು ಆಕೆ. ಕೋಣೆ ಗಪ್‌ಚಿಪ್ ಆಯಿತು. "ನಾನು ಬರೆದದ್ದರಲ್ಲಿ ಅವನು ಏಳಲ್ಲ. ನನಗೊಬ್ಬ ತಮ್ಮ ಇದ್ದ. ಸಿಳ್ಳೆ ಹಾಕಿದ್ರೆ ಬೀದಿ ನಾಯಿಗಳೆಲ್ಲ ಓಡಿ ಬರ್ತಿದ್ವು. ಯಾವ ಕೆಲಸ ಮುಟ್ಟಿದ್ರೂ ಬರ್ತಿತ್ತು ಅವನಿಗೆ, ಹೇಳಿದ ಹೊತ್ತಿಗೆ ಮನೆಗೆ ಬರೋದೊಂದು ಬಿಟ್ಟು. ಒಂದಿನ 'ಈಗ ಬಂದೆ ಅಕ್ಕಾ' ಅಂತ ಹೋದ. ಬರಲೇ ಇಲ್ಲ. ಕಾದೆ, ಹುಡುಕಿದೆ, ಕೊನೆಗೆ ಸಿಟ್ಟು ಬಂದು ಪುಸ್ತಕದಲ್ಲಿ ಅವನನ್ನ ಸಾಯಿಸಿಬಿಟ್ಟೆ."

ಆಕೆ ನೀರು ಕುಡಿದಳು.

"ಆಮೇಲೆ ರೈಲಲ್ಲಿ, ಆಸ್ಪತ್ರೆಯಲ್ಲಿ, ಯಾರದೋ ಮದುವೆಯಲ್ಲಿ, ಒಬ್ಬೊಬ್ಬರು ಸಿಗೋರು. ಅಮ್ಮಾ, ಅವನು ಎದ್ದು ಕೂತ ಜಾಗ ಎಷ್ಟು ಚೆನ್ನಾಗಿದೆ ಅನ್ನೋರು. ಮೊದಲು, ಪಾಪ, ತಲೆ ಸರಿ ಇಲ್ಲ ಅಂದ್ಕೊಂಡೆ. ಯಾವೂರು ಅಂತ ಕೇಳಿದ್ರೆ ಎಲ್ಲರೂ ಇದೇ ಊರು! ದೋಣಿ ಪ್ರಸಂಗದ ಹಾಳೆಗಳು ಇಲ್ಲಿನ ಪ್ರತೀಲಿ ಜಾಗ ಬದಲಾಯಿಸಿವೆ ಅಂತ ಆಗ ಹೊಳೀತು. ಒಂದು ಊರಿನ ತುಂಬ ನನ್ನ ತಮ್ಮ ಬದುಕಿದ್ದಾನೆ ಅಂತ ಗೊತ್ತಾದ ಮೇಲೆ ನನ್ನ ಸಿಟ್ಟು ಇಳೀತು. ಈಗ ಮುಂದಿನ ಭಾಗ ಬರೀತಾ ಇದ್ದೀನಿ. ಅದು ಶುರುವಾಗೋದೇ ಅವನು ಎದ್ದು ಕೂರೋದರಿಂದ. ಆದರೆ ಬರೆಯೋಕೆ ಮುಂಚೆ ಆ ಪುಟ ಒಂದ್ಸಲ ಕಣ್ಣಾರೆ ನೋಡ್ಬೇಕು ಅಂತ ಇಷ್ಟು ದೂರ ಬಂದೆ. ಅದನ್ನ ಹಾಗೆ ಜೋಡಿಸಿದ ಪುಣ್ಯಾತ್ಮ ಯಾರೋ, ಅವರಿಗೊಂದು ಕೈ ಮುಗೀಬೇಕು. ಎಲ್ಲಿ, ಕೊಡಿ ಪುಸ್ತಕ."

ಮೇಡಂ ಪುಸ್ತಕ ಕೊಟ್ಟರು. ಲೇಖಕಿ ಇನ್ನೂ ತೇವವಿದ್ದ ಹಾಳೆಗಳನ್ನು ಬಿಡಿಸಿ, ಪುಟ ಹುಡುಕಿ, ತಿರುಗಿಸಿದಳು. ತಿರುಗಿಸಿದವಳು ಅಲ್ಲೇ ಕುರ್ಚಿಯಲ್ಲಿ ಕೂತಳು.

"ಏಳಲಿಲ್ಲ ಅಂತಲೇ ಇದೆಯಲ್ಲ," ಎಂದಳು ಸಣ್ಣ ದನಿಯಲ್ಲಿ.

ಪುಸ್ತಕ ಕೈಯಿಂದ ಕೈಗೆ ಹೋಯಿತು. ಡಾಕ್ಟರು ನೋಡಿದರು, ಮೇಡಂ ನೋಡಿದರು, ಮುಂದಿನ ಸಾಲಿನವರು ನೋಡಿದರು. ಹಿಂದಿನ ಸಾಲಿನಿಂದ ಪೇಪರ್ ತಾತನ ದನಿ ಎದ್ದಿತು. "ಬೆಳಿಗ್ಗೆ ಇವನು ಬ್ಲೇಡು ಹಿಡ್ಕೊಂಡು ಕೊಯ್ತಾ ಇದ್ದ! ನಾನೇ ಕಣ್ಣಾರೆ ನೋಡಿದೀನಿ. ಕೇಳಿದ್ರೆ ಬಿಗಿ ಮಾಡ್ತಿದ್ದೀನಿ ಅಂದ!"

"ಅದಕ್ಕೇ ನನಗೆ ಹಡಗಿನ ಪ್ರಸಂಗ ಓದಿ ಅಂದ್ರಾ?" ಎಂದು ಡಾಕ್ಟರು ಗುಡುಗಿದರು. "ಗೋಂದಣ್ಣ, ಇಷ್ಟು ವರ್ಷ ಬದುಕಿದ್ದವನನ್ನ ಇವತ್ತೇ ಸಾಯಿಸ್ಬೇಕಿತ್ತಾ?"

ಗೋಂದಣ್ಣ ಎದ್ದು ನಿಂತ. ಪ್ಯಾಂಟಿನ ಗತಿಯೂ ಮರೆತುಹೋಯಿತು. "ಕೊಯ್ದದ್ದು ನಾನೇ. ಆದ್ರೆ ಎಬ್ಬಿಸಿದ್ದೂ ನಾನೇ ಅಮ್ಮ! ಆಗ ಟೀ ಕುಡೀತಾ ಫಾರಂ ಅದಲುಬದಲು ಮಾಡಿದ್ದು ನಾನೇ! ಆ ಪುಣ್ಯಾತ್ಮ ನಾನು!"

ಯಾರಾದರೂ ನಂಬಿದರೆ ಕೇಳಿ. "ಹೊಗಳಿಕೆ ಅಂದ ತಕ್ಷಣ ನಾನೇ ಅಂತಾನೆ ನೋಡಿ," ಎಂದರು ಒಬ್ಬರು. "ಅಂಥ ಕೆಲಸಕ್ಕೆ ತಲೆ ಬೇಕು," ಎಂದರು ಇನ್ನೊಬ್ಬರು. ಮೇಡಂ ನಿಧಾನವಾಗಿ, ನ್ಯಾಯ ಹೇಳುವ ದನಿಯಲ್ಲಿ, "ಆ ಕಾಲದಲ್ಲಿ ಇಲ್ಲಿ ಬೈಂಡರ್ ಅಂದ್ರೆ ಹಳೇ ಮೇಸ್ತ್ರಿ ಅಮ್ಮ. ದೊಡ್ಡ ಕಲಾವಿದರು," ಎಂದು ಗೋಡೆಯ ಕಡೆ ಕೈ ತೋರಿಸಿದರು.

ಮೇಸ್ತ್ರಿ ತಮ್ಮ ಜೀವಮಾನದಲ್ಲಿ ಯಾವ ಪುಸ್ತಕದ ಬೆನ್ನು ದಾಟಿ ಒಳಗೆ ಹೋದವರಲ್ಲ. ಲೇಖಕಿ ಕಣ್ಣು ತುಂಬಿಕೊಂಡು ಅವರ ಫೋಟೋಕ್ಕೆ ಕೈ ಮುಗಿದಳು. ಕೋಣೆಯೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿತು. ಯಾರೋ ಫೋಟೋ ಇಳಿಸಿ ತಂದು, ಖಾಲಿಯಾಗಿದ್ದ ಗೋಂದಣ್ಣನ ಕುರ್ಚಿಯ ಮೇಲೆ ಗೌರವದಿಂದ ಇಟ್ಟರು.

"ಗೋಂದಣ್ಣ," ಎಂದರು ಮೇಡಂ, "ಅವನು ಮೊದಲಿನ ಹಾಗೆ ಎದ್ದು ಕೂರೋವರೆಗೂ ನಿಮಗೆ ನಿವೃತ್ತಿ ಇಲ್ಲ. ಈಗಲೇ, ಇಲ್ಲೇ, ಎಲ್ಲರ ಎದುರಿಗೆ."

ವೇದಿಕೆಯ ಕೆಳಗೆ ನೆಲದ ಮೇಲೆ ಅವನ ಸಾಮಾನು ತಂದು ಹಾಕಿದರು. ಗೋಂದಣ್ಣ ಕಾಲು ಮಡಚಿ ಕೂತು, ಬೆಳಿಗ್ಗೆ ಹಾಕಿದ ಹೊಲಿಗೆಯನ್ನು ಬಿಚ್ಚತೊಡಗಿದ. ಆಗ ಒಂದು ಲೋಟ ಟೀ ಕುಡಿಯುವಷ್ಟು ಸಲೀಸಾಗಿ ಆಗಿಹೋದ ತಪ್ಪನ್ನು ಈಗ ಬೆವರು ಸುರಿಸಿ ಸರಿಯಾಗಿ ಮಾಡಬೇಕಿತ್ತು. ಸುತ್ತ ಇಡೀ ಊರು ಬಗ್ಗಿ ನಿಂತಿತ್ತು. ಡಾಕ್ಟರು ಟಾರ್ಚು ಹಿಡಿದು "ಇನ್ನೂ ಒಳಗೆ, ಇನ್ನೂ ಒಳಗೆ" ಎನ್ನುತ್ತಿದ್ದರು. ಪೇಪರ್ ತಾತ ಹಿಂದಿದ್ದವರಿಗೆ ನಡೆದದ್ದನ್ನೆಲ್ಲ ವರದಿ ಮಾಡುತ್ತಿದ್ದ. ಲೇಖಕಿ ಕುರ್ಚಿ ಎಳೆದುಕೊಂಡು ಬಂದು ಹತ್ತಿರವೇ ಕೂತು, ಊರಿಂದ ಬರುವವರನ್ನು ಕಾಯುವ ಹಾಗೆ ಕಾಯುತ್ತಿದ್ದಳು.

ಯಾರೋ ಪಕ್ಕದಲ್ಲಿ ಬಂದು ಕೂತರು. ಹೆಂಡತಿ. ಅವನ ಕೈಯಿಂದ ಸೂಜಿ ಕಿತ್ತುಕೊಂಡು, ದಾರ ಪೋಣಿಸಿ ಕೊಟ್ಟಳು.

"ನೀವು ಹೇಳಿದ್ದು ನಾನು ನಂಬ್ತೀನಿ," ಎಂದಳು ಅವನಿಗೆ ಮಾತ್ರ ಕೇಳಿಸುವ ಹಾಗೆ. "ಮೇಸ್ತ್ರಿ ಅಂಥ ಎಡವಟ್ಟು ಮಾಡೋರೇ ಅಲ್ಲ. ನೀವೇ ಮಾಡಿರ್ತೀರ."

ಗೋಂದಣ್ಣನಿಗೆ ಹೋದ ಜೀವ ಬಂದಂತಾಯಿತು. ಕುರ್ಚಿ ಹೋದರೆ ಹೋಗಲಿ, ಊರು ನಂಬದಿದ್ದರೆ ಬಿಡಲಿ. "ನೀನಾದ್ರೂ ನಂಬಿದೆಯಲ್ಲ ಕಣೇ," ಎಂದ.

"ನಂಬಿದ್ದಕ್ಕೇ ನನಗೆ ಇವರೆಲ್ಲರಿಗಿಂತ ಜಾಸ್ತಿ ಸಿಟ್ಟು ಬಂದಿರೋದು," ಎಂದಳು ಅವಳು, ಕಣ್ಣೊರೆಸಿಕೊಳ್ಳುತ್ತಾ. "ಎಬ್ಬಿಸಿದೋರೇ ಯಾರಾದ್ರೂ ಸಾಯಿಸ್ತಾರೇನ್ರೀ? ಹೂಂ, ಹೊಲೀರಿ ಬೇಗ."

ಗೋಂದಣ್ಣ ತಲೆ ತಗ್ಗಿಸಿ ಹೊಲಿಯತೊಡಗಿದ.